ಬಿಲವಿಲ್ಲದ ಮನೆಯ ಹ್ಯಾಮ್ಸ್ಟರ್

ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿ, ಕಾಸರಕೋಡು ಹಿಂದೆ ಹಾಕಿ, ಹೆದ್ದಾರಿ ಬಿಟ್ಟು ಕಡಲ ಕಡೆ ತಿರುಗಿದರೆ ಅಪ್ಸರಕೊಂಡ. ಮಳೆಗಾಲ ಮುಗಿಯುತ್ತ ಬಂದಾಗ ಇಲ್ಲಿಗೆ ಜನ ಬರುವುದು ಜಲಪಾತಕ್ಕೆ. ಗುಡ್ಡದ ಮೇಲೆ ನಿಂತು ಸೂರ್ಯಾಸ್ತ ನೋಡುವವರು, ನರಸಿಂಹ ದೇವರಿಗೆ ಕೈಮುಗಿಯುವವರು, ಕೊಂಡದ ತಂಪು ನೀರಿಗೆ ಕಾಲು ಬಿಟ್ಟು ಕೂರುವವರು. ನಾನು ಹೋಗಿದ್ದು ತಮ್ಮನ ಮನೆಗೆ. ಚಾವಡಿಯ ಮೂಲೆಯಲ್ಲಿ, ಟೀವಿಯ ಪಕ್ಕ, ಸ್ಟೂಲಿನ ಮೇಲೆ ಗುಲಾಬಿ ಬಣ್ಣದ ತಳವಿದ್ದ ಕಂಬಿಯ ಗೂಡೊಂದಿತ್ತು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತಂದದ್ದು. ಒಳಗೆ ಚಿನ್ನದ ಬಣ್ಣದ ಮೈ, ಬಿಳಿ ಹೊಟ್ಟೆಯ ಹ್ಯಾಮ್ಸ್ಟರ್. ಎರಡು ಕಂಬಿಗಳ ನಡುವೆ ಮೂತಿ ತೂರಿಸಿ, ಒಂದೇ ಕಂಬಿಯನ್ನು ಹಲ್ಲಿನಲ್ಲಿ ಹಿಡಿದು ಕಟಕಟ ಕಡಿಯುತ್ತಿತ್ತು. ಸ್ವಲ್ಪ ನಿಲ್ಲಿಸಿ, ಆಚೆ ಮೂಲೆಗೆ ಓಡಿ, ತಿರುಗಿ ಬಂದು ಮತ್ತೆ ಅದೇ ಕಂಬಿ.

“ದೊಡ್ಡಪ್ಪ, ಇದು ರಾತ್ರಿಡೀ ಕಂಬಿ ಕಚ್ತು. ಬೈದ್ರೂ ಬಿಡ್ತಿಲ್ಲೆ,” ಎಂದಳು ತಮ್ಮನ ಮಗಳು. ಅವಳ ದನಿಯಲ್ಲಿ ದೂರಿಗಿಂತ ಚಿಂತೆಯೇ ಹೆಚ್ಚಿತ್ತು.

ಮನೆಯವರು ಅಷ್ಟರಲ್ಲಿ ತಮಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದ್ದರು. ಕಂಬಿಗೆ ಲಿಂಬೆರಸ ಸವರಿದ್ದರು. ಯಾರೋ ಹೇಳಿದರೆಂದು ಮೆಣಸಿನ ನೀರನ್ನೂ ಹಚ್ಚಿದ್ದರು. ಗೂಡಿನ ಮೇಲೆ ಟವೆಲ್ ಮುಚ್ಚಿ ಕತ್ತಲು ಮಾಡಿದ್ದರು. ನಿದ್ದೆಗೆಟ್ಟ ತಮ್ಮ ಎದ್ದು ಬಂದು ಗೂಡಿನ ಮೇಲೆ ಬೆರಳಿನಿಂದ ತಟ್ಟುತ್ತಿದ್ದ. ಅದೂ ಆಗದಿದ್ದಾಗ ಒಂದು ಶೇಂಗಾಬೀಜ ಒಳಗೆ ಹಾಕುತ್ತಿದ್ದರು. ಅದನ್ನು ಕೆನ್ನೆಯ ಚೀಲಕ್ಕೆ ಸೇರಿಸುವಷ್ಟು ಹೊತ್ತು ಸದ್ದು ನಿಲ್ಲುತ್ತಿತ್ತು. ಈ ಕೊನೆಯದು ಎಲ್ಲಕ್ಕಿಂತ ಕೆಟ್ಟ ಉಪಾಯ. ಕಂಬಿ ಕಚ್ಚಿದರೆ ಶೇಂಗಾ ಸಿಗುತ್ತದೆ ಎಂಬುದನ್ನು ಬುದ್ಧಿಯಿರುವ ಯಾವ ಪ್ರಾಣಿಯೂ ಬೇಗ ಕಲಿಯುತ್ತದೆ. ಮೆಣಸಂತೂ ಹಿಂಸೆಯೇ: ಅದು ಬಾಯಿಗೆ ಮಾತ್ರವಲ್ಲ, ಮುಖ ಉಜ್ಜಿಕೊಳ್ಳುವಾಗ ಕಣ್ಣಿಗೂ ಹೋಗುತ್ತದೆ.

ಈ ಎಲ್ಲ ಉಪಾಯಗಳಲ್ಲಿ ಒಂದು ನಂಬಿಕೆ ಅಡಗಿದೆ: ತಪ್ಪು ಪ್ರಾಣಿಯದು, ತಿದ್ದಬೇಕಾದ್ದು ಅದನ್ನು. ನಾನು ಬರೆಯಹೊರಟಿದ್ದು ಈ ನಂಬಿಕೆಯ ವಿರುದ್ಧ.

ಮೊದಲು ಹಲ್ಲಿನ ವಿಷಯ. ಇಲಿ, ಅಳಿಲು, ಮುಳ್ಳುಹಂದಿಗಳ ಹಾಗೆ ಹ್ಯಾಮ್ಸ್ಟರ್ ಕೂಡ ದಂಶಕ. ಅದಕ್ಕೆ ಒಟ್ಟು 16 ಹಲ್ಲು. ಮುಂದಿನ ನಾಲ್ಕು ಬಾಚಿಹಲ್ಲುಗಳು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಆ ಹಲ್ಲುಗಳ ಮುಂಬದಿಗೆ ಕಬ್ಬಿಣದ ಅಂಶವಿರುವ ಗಟ್ಟಿ ಎನಾಮಲ್ ಇದೆ, ಅದಕ್ಕೇ ಅವು ಹಳದಿ. ಹಳದಿ ಹಲ್ಲು ಕಂಡು ರೋಗವೆಂದು ಹೆದರುವವರಿದ್ದಾರೆ, ಹೆದರಬೇಕಾಗಿಲ್ಲ. ಹಿಂಬದಿ ಮೆದು, ಬೇಗ ಸವೆಯುತ್ತದೆ. ಹಾಗಾಗಿ ತುದಿ ಸದಾ ಉಳಿಯ ಬಾಯಿಯಂತೆ ಹರಿತವಾಗಿರುತ್ತದೆ. ಇಷ್ಟು ತಿಳಿದವರು “ಹಲ್ಲು ಸವೆಸಿಕೊಳ್ಳಲು ಕಂಬಿ ಕಚ್ಚುತ್ತದೆ, ಒಂದು ಕಟ್ಟಿಗೆ ತುಂಡು ಹಾಕಿ” ಎನ್ನುತ್ತಾರೆ. ಅರ್ಧ ಸತ್ಯ. ಕಟ್ಟಿಗೆ ಬೇಕು, ಹಾಕಲೇಬೇಕು. ಆದರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಉಜ್ಜಿಯೇ ಅವು ಬಹುಮಟ್ಟಿಗೆ ಸವೆಯುತ್ತವೆ. ಗೂಡಿನಲ್ಲಿ ಒಳ್ಳೆಯ ಕೊಂಬೆ ಬಿದ್ದಿದ್ದರೂ ಅದನ್ನು ಬಿಟ್ಟು ಕಬ್ಬಿಣವನ್ನೇ ಗಂಟೆಗಟ್ಟಲೆ ಕಚ್ಚುವ ಹ್ಯಾಮ್ಸ್ಟರ್‌ಗೆ ಬೇಕಾದ್ದು ಹಲ್ಲು ಸವೆಸುವುದಲ್ಲ. ಕಬ್ಬಿಣ ಹಲ್ಲನ್ನು ಸರಿಯಾಗಿ ಸವೆಸುವುದೂ ಇಲ್ಲ. ಒಡೆಯುತ್ತದೆ, ಓರೆ ಮಾಡುತ್ತದೆ. ಓರೆಯಾದ ಹಲ್ಲು ಎದುರಿನ ಹಲ್ಲಿಗೆ ಕೂಡದೆ ಬಾಗಿ ಬೆಳೆದು ಒಸಡಿಗೋ ದವಡೆಗೋ ಚುಚ್ಚುತ್ತದೆ. ಮೂಗಿನ ಮೇಲಿನ ಕೂದಲು ಉದುರಿ ಹುಣ್ಣಾಗುತ್ತದೆ. ತಮ್ಮನ ಮನೆಯ ಹ್ಯಾಮ್ಸ್ಟರ್‌ನ ಮೂಗಿನ ಮೇಲೆ ಆಗಲೇ ಹೆಸರುಕಾಳಿನಷ್ಟು ಜಾಗ ಬೋಳಾಗಿತ್ತು.

ಹಾಗಾದರೆ ಅದಕ್ಕೆ ಬೇಕಾದ್ದೇನು? ಉತ್ತರ ತಿಳಿಯಲು ಅದರ ತವರಿಗೆ ಹೋಗಬೇಕು.

ಸಿರಿಯಾದ ಅಲೆಪ್ಪೊ ನಗರದ ಸುತ್ತಲಿನ ಒಣ ಪ್ರಸ್ಥಭೂಮಿ ಮತ್ತು ಅದಕ್ಕೆ ತಾಗಿದ ದಕ್ಷಿಣ ತುರ್ಕಿಯ ಹೊಲಗಳು. ಗೋಲ್ಡನ್ ಅಥವಾ ಸಿರಿಯನ್ ಹ್ಯಾಮ್ಸ್ಟರ್ ಕಾಡಿನಲ್ಲಿ ಉಳಿದಿರುವುದು ಅಲ್ಲಿ ಮಾತ್ರ. 1839ರಲ್ಲಿ ಇಂಗ್ಲೆಂಡಿನ ಜಾರ್ಜ್ ವಾಟರ್‌ಹೌಸ್ ಅದನ್ನು ವಿಜ್ಞಾನದ ದಾಖಲೆಗೆ ತಂದ. ಆಮೇಲೆ ಬಹುಕಾಲ ಹೆಚ್ಚಿನವರಿಗೆ ಅದರ ನೆನಪಿರಲಿಲ್ಲ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಸಾಲ್ ಆಡ್ಲರ್ ಎಂಬ ವಿಜ್ಞಾನಿ ಲೀಷ್ಮೇನಿಯಾ ರೋಗಾಣುಗಳ ಮೇಲೆ ಕೆಲಸ ಮಾಡುತ್ತಿದ್ದರು. ನಮ್ಮಲ್ಲಿ ಕಾಲಾ ಅಜಾರ್ ತರುವುದು ಆ ಗುಂಪಿನ ಪರೋಪಜೀವಿಯೇ. ಪ್ರಯೋಗಕ್ಕೆ ಅವರಿಗೆ ಸುಲಭವಾಗಿ ಮರಿ ಹಾಕುವ ಸಣ್ಣ ಪ್ರಾಣಿ ಬೇಕಿತ್ತು. 1930ರಲ್ಲಿ ಅವರಿಗಾಗಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಅಲೆಪ್ಪೊ ಬಳಿಯ ಗೋಧಿ ಹೊಲವೊಂದನ್ನು ಕೂಲಿಯವರಿಂದ ಅಗೆಸಿದರು. ಎಂಟು ಅಡಿ ಆಳದಲ್ಲಿ ಒಂದು ತಾಯಿ ಮತ್ತು ಮರಿಗಳಿದ್ದ ಗೂಡು ಸಿಕ್ಕಿತು. ಇಂದು ಜಗತ್ತಿನ ಮನೆಗಳಲ್ಲೂ ಪ್ರಯೋಗಾಲಯಗಳಲ್ಲೂ ಇರುವ ಸಿರಿಯನ್ ಹ್ಯಾಮ್ಸ್ಟರ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ಒಂದು ಬಸಿರಿನ ಸಂತತಿ.

ಆಮೇಲೆ ನಡೆದದ್ದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ಹಿಡಿದು ತಂದ ಮರಿಗಳನ್ನು ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ಉಸ್ತುವಾರಿಯಿದ್ದ ಬೆನ್-ಮೆನಾಖೆಮ್ ಅವರಿಗೆ ಒಪ್ಪಿಸಲಾಯಿತು. ಅವುಗಳಲ್ಲಿ ಐದು, ಮರದ ತಳವಿದ್ದ ಗೂಡನ್ನು ಕಡಿದು ತೂತು ಮಾಡಿ ಪರಾರಿಯಾದವು, ಮತ್ತೆ ಸಿಗಲಿಲ್ಲ. ಉಳಿದವುಗಳಲ್ಲಿ ಒಂದು ಗಂಡು ಒಂದು ಹೆಣ್ಣನ್ನು ಕೊಂದಿತು. ಆಗ ಬೆನ್-ಮೆನಾಖೆಮ್ ದೊಡ್ಡದೊಂದು ಜಾಲರಿ ಗೂಡಿನ ತುಂಬ ಒಣಹುಲ್ಲನ್ನು ಒತ್ತಿ ತುಂಬಿ, ಅದರಲ್ಲಿ ಹೆಣ್ಣನ್ನು ಬಿಟ್ಟರು. ಅದು ಹುಲ್ಲಿನೊಳಗೆ ದಾರಿ ಕೊರೆದು ತನ್ನ ಜಾಗ ಮಾಡಿಕೊಂಡಿತು. ಆಮೇಲೆ ಬಿಟ್ಟ ಗಂಡಿನೊಡನೆ ಕೂಡಿ ಮರಿ ಹಾಕಿತು. ಮನುಷ್ಯನ ಕೈಯಲ್ಲಿ ಈ ಪ್ರಾಣಿ ಕಳೆದ ಮೊದಲ ವರ್ಷದಲ್ಲೇ ಸಮಸ್ಯೆಯೂ ಪರಿಹಾರವೂ ಎರಡೂ ಕಣ್ಣೆದುರು ಬಂದಿದ್ದವು. ಬರಿಯ ಗೂಡಿಟ್ಟರೆ ಕಡಿಯುತ್ತದೆ. ಕೊರೆಯಲು ಕೊಟ್ಟರೆ ನೆಲೆಯೂರುತ್ತದೆ. ತೊಂಬತ್ತು ವರ್ಷ ಕಳೆದ ಮೇಲೂ ಅಂಗಡಿಗಳು ಮಾರುತ್ತಿರುವುದು ಬರಿಯ ಗೂಡನ್ನೇ ಎಂಬುದು ಬೇಸರದ ಸಂಗತಿ.

ಕಾಡಿನ ಹ್ಯಾಮ್ಸ್ಟರ್ ಹೇಗೆ ಬದುಕುತ್ತದೆ ಎಂಬುದನ್ನು ಸರಿಯಾಗಿ ನೋಡಿದ್ದು ತೀರ ಈಚೆಗೆ. 1997 ಮತ್ತು 1999ರಲ್ಲಿ ಜರ್ಮನಿಯ ರೋಲ್ಫ್ ಗಾಟರ್‌ಮನ್ ಮತ್ತು ಸಂಗಡಿಗರು ಅಲೆಪ್ಪೊ ಸುತ್ತ 30 ಬಿಲಗಳನ್ನು ಅಳೆದರು. ಸರಾಸರಿ ಆಳ 65 ಸೆಂಟಿಮೀಟರ್; ಕೆಲವು ಒಂದು ಮೀಟರನ್ನೂ ದಾಟಿದ್ದವು. ನೆಟ್ಟಗೆ ಕೆಳಗಿಳಿಯುವ ಒಂದು ಬಾಗಿಲು, ಮಲಗಲು ಒಂದು ಕೋಣೆ, ಕಾಳು ಕೂಡಿಡಲು ಇನ್ನೊಂದು. ಎಲ್ಲ ಸುರಂಗ ಸೇರಿ ಸರಾಸರಿ ಎರಡು ಮೀಟರ್ ಉದ್ದ, ದೊಡ್ಡದು ಒಂಬತ್ತು ಮೀಟರ್. ಯಾವ ಬಿಲದಲ್ಲೂ ಒಂದಕ್ಕಿಂತ ಹೆಚ್ಚು ದೊಡ್ಡ ಹ್ಯಾಮ್ಸ್ಟರ್ ಇರಲಿಲ್ಲ. ಇದು ಒಂಟಿ ಜೀವ, ನೆಲದಡಿಯ ಜೀವ. ದಿನದ ಬಹುಭಾಗವನ್ನು ಯಾರ ಕಣ್ಣಿಗೂ ಬೀಳದೆ ಕಳೆಯುವಂತೆ ಅದರ ಮೈ, ಮನಸ್ಸು ಎರಡೂ ರೂಪುಗೊಂಡಿವೆ. ನಾವು ಅದನ್ನು ತಂದು, ನಾಲ್ಕೂ ಕಡೆ ತೆರೆದ ಕಂಬಿಯ ನಡುವೆ, ಟೀವಿಯ ಪಕ್ಕ, ಬೆರಳು ದಪ್ಪದ ಹೊಟ್ಟಿನ ಮೇಲೆ ಇಡುತ್ತೇವೆ.

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಲ್ಲಿ ಸಬೀನ್ ಗೆಬ್‌ಹಾರ್ಟ್-ಹೆನ್ರಿಖ್ ಮತ್ತು ಜೊತೆಗಾರರು ಈ ಕಂಬಿ ಕಚ್ಚುವ ಗೀಳನ್ನೇ ಹಿಡಿದು ಪ್ರಯೋಗ ಮಾಡಿದ್ದಾರೆ. 2006ರಲ್ಲಿ ಪ್ರಕಟವಾದ ಒಂದರಲ್ಲಿ ಹ್ಯಾಮ್ಸ್ಟರ್‌ಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ 10 ಸೆಂಟಿಮೀಟರ್, ಇನ್ನೊಂದಕ್ಕೆ 40, ಮತ್ತೊಂದಕ್ಕೆ 80 ಸೆಂಟಿಮೀಟರ್ ದಪ್ಪದ ಹಾಸು ಕೊಟ್ಟರು. 10 ಸೆಂಟಿಮೀಟರಿನವು ಉಳಿದವಕ್ಕಿಂತ ಬಹಳ ಹೆಚ್ಚು ಕಂಬಿ ಕಚ್ಚಿದವು, ಚಕ್ರದ ಮೇಲೂ ಹೆಚ್ಚು ಓಡಿದವು. 80 ಸೆಂಟಿಮೀಟರಿನವು ಕಂಬಿ ಮುಟ್ಟಲೇ ಇಲ್ಲ. ಮುಂದಿನ ವರ್ಷ ಬಂದ ಇನ್ನೊಂದು ಪ್ರಯೋಗ ಗೂಡಿನ ನೆಲದಳತೆಯದು: 1,800, 2,500, 5,000 ಮತ್ತು 10,000 ಚದರ ಸೆಂಟಿಮೀಟರ್. ಗೂಡು ಚಿಕ್ಕದಾದಷ್ಟೂ ಕಚ್ಚುವಿಕೆ ಹೆಚ್ಚಿತು. ಆದರೆ ಅತಿ ದೊಡ್ಡ ಗೂಡಿನಲ್ಲೂ ಅದು ಪೂರ್ತಿ ನಿಲ್ಲಲಿಲ್ಲ.

ಈ ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ತಿಳಿಯುವುದಿಷ್ಟು: ಅಗಲ ಬೇಕು, ಆದರೆ ಅಗಲದಷ್ಟೇ ಆಳವೂ ಮುಖ್ಯ. ತಮ್ಮನ ಮನೆಯ ಗೂಡನ್ನು ಅಳೆದೆವು. ಒಂದು ಅಡಿ ಉದ್ದ, ಮುಕ್ಕಾಲು ಅಡಿ ಅಗಲ. ಎಂದರೆ 700 ಚದರ ಸೆಂಟಿಮೀಟರೂ ಇಲ್ಲ. ಬರ್ನ್‌ನ ಪ್ರಯೋಗದ ಅತಿ ಇಕ್ಕಟ್ಟಾದ ಗೂಡಿನ ಅರ್ಧವೂ ಆಗಲಿಲ್ಲ.

ಇಲ್ಲಿ ಇನ್ನೊಂದು ಅಧ್ಯಯನ ಹೇಳಬೇಕು. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಕಣ್ತೆರೆಸುವುದು ಅದೇ. ಗೆರ್ಬಿಲ್ ಎಂಬ ಮರುಭೂಮಿಯ ಇಲಿಗಳು ಗೂಡಿನ ಮೂಲೆಯಲ್ಲಿ ನಿಂತು ಕೊನೆಮೊದಲಿಲ್ಲದೆ ನೆಲ ಕೆರೆಯುತ್ತವೆ. ಕೆರೆಯಲು ಮರಳಿಲ್ಲದ್ದಕ್ಕೆ ಹಾಗೆ ಮಾಡುತ್ತವೆ ಎಂದೇ ಎಲ್ಲರ ಎಣಿಕೆ. ಕ್ರಿಸ್ಟೋಫ್ ವೀಡೆನ್‌ಮೇಯರ್ ಎಂಬ ಸಂಶೋಧಕ ಕೆಲವು ಮರಿಗಳಿಗೆ ಒಣ ಮರಳು ಕೊಟ್ಟ. ಕೆಲವಕ್ಕೆ ಮರಳಿಲ್ಲದೆ, ಸುರಂಗವಿದ್ದ ಸಿದ್ಧ ಬಿಲ ಕೊಟ್ಟ. ಮರಳು ಸಿಕ್ಕವು ಕೆರೆಯುತ್ತಲೇ ಉಳಿದವು. ಬಿಲ ಸಿಕ್ಕವಕ್ಕೆ ಆ ಗೀಳು ಹತ್ತಲಿಲ್ಲ. ಅವುಗಳಿಗೆ ಬೇಕಿದ್ದದ್ದು ಕೆರೆಯುವ ಕೆಲಸವಲ್ಲ, ಕೆರೆದ ಮೇಲೆ ಸಿಗಬೇಕಾದ ಮರೆ. ಒಣ ಮರಳಿನಲ್ಲಿ ಎಷ್ಟು ತೋಡಿದರೂ ಸುರಂಗ ನಿಲ್ಲುವುದಿಲ್ಲವಲ್ಲ. ಸಾಕುಪ್ರಾಣಿಯ ಮುಂದೆ ಆಟಿಕೆ ರಾಶಿ ಹಾಕುವ ಮುನ್ನ ಈ ಸಂಗತಿಯನ್ನು ನಾವೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ನಾನು ಇಷ್ಟನ್ನೂ ಊಟದ ಹೊತ್ತಿಗೆ ಹೇಳಿ ಮುಗಿಸುವ ಮೊದಲೇ ಮನೆಯ ಅಜ್ಜಿ, “ಅದ್ಕೆ ಬಿಲ ಬೇಕಾಗಿಕ್ಕು,” ಎಂದು ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟಿದ್ದರು. ತೋಟದಲ್ಲಿ ಹೆಗ್ಗಣದ ಬಿಲಕ್ಕೆ ಕಾಲು ಸಿಕ್ಕಿಸಿಕೊಂಡು, ಗೆಣಸಿನ ಮಡಿಯನ್ನು ಮುಳ್ಳುಹಂದಿಯಿಂದ ಕಾಯ್ದುಕೊಂಡು ಬಾಳಿದ ಜೀವಕ್ಕೆ ಇದನ್ನು ತಿಳಿಯಲು ಬರ್ನ್‌ನ ಪ್ರಯೋಗ ಬೇಕಿರಲಿಲ್ಲ.

ಮೊದಲು ಯೋಚಿಸಿದ್ದು ಕಂಬಿಯೇ ಇಲ್ಲದ ಗಾಜಿನ ತೊಟ್ಟಿಗೆ ಹಾಕಿಬಿಡುವುದನ್ನು. ಕಚ್ಚಲು ಕಂಬಿಯಿಲ್ಲದಿದ್ದರೆ ಸದ್ದು ನಿಲ್ಲುತ್ತದೆ, ನಿಜ. ಬಹಳ ಜನ ಅಷ್ಟಕ್ಕೇ ಸಮಾಧಾನಪಡುತ್ತಾರೆ. ಆದರೆ ಚಿಕ್ಕ ಗಾಜಿನ ತೊಟ್ಟಿಯಲ್ಲಿ ಅದೇ ಪ್ರಾಣಿ ಮೂಲೆ ಕೆರೆಯುತ್ತದೆ, ಗೋಡೆಯುದ್ದಕ್ಕೆ ಹಿಂದೆ ಮುಂದೆ ಓಡುತ್ತದೆ, ಹಾರಿ ಹಾರಿ ಬೀಳುತ್ತದೆ. ಸಂಕಟ ಅಲ್ಲೇ ಇರುತ್ತದೆ, ನಮ್ಮ ಕಿವಿಗೆ ಕೇಳುವುದು ಮಾತ್ರ ತಪ್ಪುತ್ತದೆ. ನಮಗೆ ನಿದ್ದೆ ಬಂದ ಮಾತ್ರಕ್ಕೆ ಅದಕ್ಕೆ ನೆಮ್ಮದಿ ಬಂತೆಂದು ತಿಳಿಯಬಾರದು.

ಜರ್ಮನಿಯ ಪಶುವೈದ್ಯರ ಪ್ರಾಣಿದಯಾ ಸಂಘ ಹ್ಯಾಮ್ಸ್ಟರ್‌ಗೆ ಕನಿಷ್ಠ 100 ಸೆಂಟಿಮೀಟರ್ ಉದ್ದ, 50 ಅಗಲ, 50 ಎತ್ತರದ ಗೂಡು, ಒಳಗೆ ಕನಿಷ್ಠ 20 ಸೆಂಟಿಮೀಟರ್ ಹಾಸು ಬೇಕೆನ್ನುತ್ತದೆ. ಇಂಥದ್ದನ್ನು ನಮ್ಮ ಅಂಗಡಿಗಳಲ್ಲಿ ಹುಡುಕುವುದು ಕಷ್ಟ, ಸಿಕ್ಕರೆ ದುಬಾರಿ. ತಮ್ಮನ ಮನೆಯ ಅಟ್ಟದ ಮೇಲೆ ಬಾಗಿಲು ಮುರಿದ ಹಳೆಯ ಹಲಸಿನ ಕಪಾಟೊಂದಿತ್ತು. ಊರಿನ ಬಡಗಿ ಅದನ್ನು ಅಡ್ಡ ಮಲಗಿಸಿ, ಎದುರಿನ ಕೆಳಭಾಗಕ್ಕೆ ಗಾಜು, ಮೇಲ್ಭಾಗಕ್ಕೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಹಾಕಿ, ಮೇಲೆ ತೆರೆಯುವ ಮುಚ್ಚಳ ಮಾಡಿಕೊಟ್ಟ. ಒಳಮೂಲೆಗಳಿಗೆ ತಗಡಿನ ಪಟ್ಟಿ ಬಡಿದ. ಜೆರುಸಲೇಮಿನಲ್ಲಿ ಮರದ ತಳ ಕಡಿದು ಹೋದ ಮರಿಗಳ ಕತೆ ಹೇಳಿದಾಗ ಅವನೇ ಸೂಚಿಸಿದ್ದು ಅದು.

ಹಾಸಿನ ವಿಷಯಕ್ಕೆ ನಮ್ಮ ಕರಾವಳಿಯವರು ತುಸು ಎಚ್ಚರ ವಹಿಸಬೇಕು. ಬಡಗಿಯ ಅಂಗಡಿಯ ಗರಗಸದ ಪುಡಿ ಎಲ್ಲ ಕಡೆ ಸಿಗುತ್ತದೆ, ಆದರೆ ಬೇಡ. ಅದರ ನವಿರು ಧೂಳು ಉಸಿರಾಟಕ್ಕೆ ಕೆಟ್ಟದ್ದು. ಪ್ಲೈವುಡ್ಡಿನ ಅಂಟು, ಪಾಲಿಶ್ ಸೇರಿರಬಹುದು. ಹತ್ತಿ ಮತ್ತು ಹತ್ತಿಯಂಥ ‘ಹಾಸಿಗೆ’ಯಂತೂ ಅಪಾಯ: ಎಳೆ ಕಾಲಿಗೆ ಸುತ್ತಿ ರಕ್ತ ನಿಲ್ಲಿಸುತ್ತದೆ, ಕೆನ್ನೆಚೀಲದೊಳಗೆ ಸಿಕ್ಕಿಕೊಳ್ಳುತ್ತದೆ. ನಾವು ಬಳಸಿದ್ದು ಚೂರು ಮಾಡಿದ ಬಿಳಿ ಕಾಗದ ಮತ್ತು ಔಷಧಿ ಹೊಡೆಯದ ಗದ್ದೆಯ ಒಣ ಭತ್ತದ ಹುಲ್ಲು. ಒಂದು ಪದರ ಕಾಗದ, ಒಂದು ಪದರ ಹುಲ್ಲು, ಮತ್ತೆ ಕಾಗದ, ಪ್ರತಿ ಪದರವನ್ನೂ ಅಂಗೈಯಿಂದ ಒತ್ತುತ್ತ ಒಂದು ಬದಿಗೆ ಮೊಳದಷ್ಟು ದಪ್ಪ ಮಾಡಿದೆವು. ಒತ್ತದಿದ್ದರೆ ಸುರಂಗ ಕುಸಿಯುತ್ತದೆ, ಕೆಲಸವೆಲ್ಲ ವ್ಯರ್ಥ. ತೆಂಗಿನ ನಾರಿನ ಪುಡಿ ಬೇಸಗೆಯಲ್ಲಿ ಒಳ್ಳೆಯದೇ. ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಹೊನ್ನಾವರದಲ್ಲಿ ಜೂನ್ ಬಂದ ಮೇಲೆ ಅದು ನೀರು ಹೀರಿ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಹುಲ್ಲನ್ನೂ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಒಣಗಿಸಿಯೇ ಹಾಕಬೇಕು. ವಾರಕ್ಕೊಮ್ಮೆ ಇಡೀ ಗೂಡು ತೊಳೆದು ಎಲ್ಲ ಬದಲಿಸುವ ಉತ್ಸಾಹವೂ ಬೇಡ. ತನ್ನ ವಾಸನೆಯೆಲ್ಲ ಒಮ್ಮೆಲೇ ಹೋದರೆ ಅದು ಗಾಬರಿಯಾಗಿ ಮತ್ತೆ ಕಂಬಿಗೋ ಮೂಲೆಗೋ ಹತ್ತುತ್ತದೆ. ಒಂದೇ ಮೂಲೆಯಲ್ಲಿ ಉಚ್ಚೆ ಹೊಯ್ಯುವ ಅಭ್ಯಾಸ ಅದಕ್ಕಿದೆ. ಆ ಮೂಲೆಯ ಹಾಸನ್ನು ಆಗಾಗ ತೆಗೆದರೆ ಸಾಕು.

ಉಳಿದದ್ದೆಲ್ಲ ಹಿತ್ತಲಲ್ಲೇ ಸಿಕ್ಕಿತು. ಬಾಯಿ ದೊಡ್ಡದು ಮಾಡಿದ ಕರಟ ಒಂದು ಮರೆ. ಮಂಗಳೂರು ಹೆಂಚಿನ ತುಂಡು ಬೇಸಗೆಗೆ ಮೈ ತಂಪು ಮಾಡಿಕೊಳ್ಳಲು. ಕಚ್ಚಲು ಪೇರಳೆಯ ಕೊಂಬೆ, ಅಡಿಕೆ ಹಾಳೆ, ತೆಂಗಿನ ಸಿಪ್ಪೆ. ಗೇರಿನ ಕೊಂಬೆ ಬೇಡವೇ ಬೇಡ, ಅದರ ಸೊನೆ ಸುಡುತ್ತದೆ. ಕಣಗಿಲೆ ಪೂರ್ತಿ ವಿಷ. ಮೈ ಉಜ್ಜಿಕೊಳ್ಳಲು ಮರಳಿನ ತಟ್ಟೆ ಹ್ಯಾಮ್ಸ್ಟರ್‌ಗೆ ಬಲು ಇಷ್ಟ. ಅಪ್ಸರಕೊಂಡದವರಿಗೆ ಕಡಲ ಮರಳು ಕಾಲಬುಡದಲ್ಲಿದೆ, ಆದರೆ ಅದರಲ್ಲಿ ಉಪ್ಪಿದೆ. ಮೇಲಾಗಿ ಇಲ್ಲಿಂದ ಮುಗಳಿಯವರೆಗಿನ ಕಡಲು ಈಗ ರಾಜ್ಯದ ಮೊದಲ ಸಾಗರ ವನ್ಯಜೀವಿಧಾಮ. ಕಡಲಾಮೆಗಳು ಮೊಟ್ಟೆಯಿಡುವ ದಂಡೆ. ಆ ಮರಳನ್ನು ಅಲ್ಲೇ ಬಿಡೋಣ. ತೊಳೆದು ಬಿಸಿಲಿಗೆ ಒಣಗಿಸಿದ ಹೊಳೆ ಮರಳು ಒಂದು ಬಟ್ಟಲಿದ್ದರೆ ಸಾಕು.

ಚಕ್ರದ ಬಗ್ಗೆ ಒಂದು ಮಾತು. ಅಂಗಡಿಯ ಗೂಡಿನ ಜೊತೆ ಬರುವ ಚಕ್ರ ತೀರ ಚಿಕ್ಕದು, ಅದರ ಮೇಲೆ ಓಡುವಾಗ ಬೆನ್ನು ಹಿಂದಕ್ಕೆ ಬಾಗುತ್ತದೆ. ತಂತಿಯ ಮೆಟ್ಟಿಲಿದ್ದರೆ ಕಾಲು ಸಿಕ್ಕಿ ಮುರಿಯುತ್ತದೆ. ಸಿರಿಯನ್ ಜಾತಿಗೆ 28 ಸೆಂಟಿಮೀಟರ್ ಅಡ್ಡಗಲದ, ಸಂದಿಲ್ಲದ ನೆಲದ ಚಕ್ರ ಬೇಕು. ಚಿಕ್ಕ ಜಾತಿಗಳಿಗೆ 20 ಸಾಕು. ಒಳ್ಳೆಯ ಚಕ್ರವಿದ್ದಲ್ಲಿ ಕಂಬಿ ಕಚ್ಚುವುದು ಕಡಿಮೆಯೆಂದು ಬರ್ನ್‌ನವರೇ ಕಂಡಿದ್ದಾರೆ.

ಊಟವನ್ನು ಬಟ್ಟಲಿನಲ್ಲಿಡುವುದನ್ನು ಬಿಟ್ಟು ಹಾಸಿನ ಮೇಲೆಲ್ಲ ಚೆಲ್ಲಿದೆವು. ಭತ್ತದ ತೆನೆ, ರಾಗಿ, ಜೋಳ, ಹುಡುಕಿದರೆ ಸಿಗುವಂತೆ ಅಲ್ಲೊಂದು ಇಲ್ಲೊಂದು ಶೇಂಗಾ. ತೆನೆಯಿಂದ ಕಾಳು ಬಿಡಿಸುವುದು, ಕೆನ್ನೆಗೆ ತುಂಬುವುದು, ಬಿಲಕ್ಕೆ ಸಾಗಿಸುವುದು: ರಾತ್ರಿಯ ಕೆಲಸ ಅದಕ್ಕೆ ಮರಳಿ ಸಿಕ್ಕಿತು. ಶೇಂಗಾವನ್ನು ಕಚ್ಚುವಾಗ ಕೊಡುವುದು ನಿಂತಿತು. ಸಂಜೆ ಅದು ಎದ್ದು ಹೊರಬಂದ ಮೇಲೆ, ಸದ್ದಿಲ್ಲದಿರುವಾಗಲೇ, ತಮ್ಮನ ಮಗಳು ಅದನ್ನು ಕೈಗೆತ್ತಿಕೊಳ್ಳುವುದು ರೂಢಿಯಾಯಿತು.

ಹೊಸ ಗೂಡಿಗೆ ಬಿಟ್ಟಾಗ ಮೊದಲು ಗೋಡೆಯುದ್ದಕ್ಕೂ ಮೂಸುತ್ತ ಓಡಿತು. ಹುಲ್ಲಿನ ದಪ್ಪ ಬದಿಗೆ ಬಂದು ಮೂತಿ ಒಳಹಾಕಿತು. ಮುಂಗಾಲಿನಿಂದ ತೋಡಿ, ಹಿಂಗಾಲಿನಿಂದ ಹಿಂದಕ್ಕೆ ಒದ್ದು, ನೋಡುತ್ತಿದ್ದ ಹಾಗೆ ಬಾಲದ ತುದಿಯೂ ಕಾಣದಂತೆ ಒಳಗೆ ಹೋಯಿತು. ಹುಟ್ಟಿದ್ದು ಯಾವುದೋ ಪೆಟ್ ಅಂಗಡಿಯ ಹಿಂಬದಿಯಲ್ಲಿ. ಅದರ ತಾಯಿಯಾಗಲಿ ಅಜ್ಜಿಯಾಗಲಿ ನೆಲ ಕಂಡಿರಲಿಕ್ಕಿಲ್ಲ. ಆದರೂ ಯಾರೂ ಕಲಿಸದೆ ಅದು ನೆಟ್ಟಗೆ ಕೆಳಗಿಳಿಯುವ ಬಾಗಿಲನ್ನೇ ಕೊರೆದಿತ್ತು, ಅಲೆಪ್ಪೊದ ಹೊಲದಲ್ಲಿ ಕೊರೆಯುವ ಹಾಗೆ.

ಕಚ್ಚುವುದು ಅಂದೇ ನಿಂತಿತೆಂದರೆ ಸುಳ್ಳಾದೀತು. ಮೇಲಿನ ಜಾಲರಿಯ ಒಂದು ಮೂಲೆಗೆ ನೇತುಬಿದ್ದು ಕೆಲವು ರಾತ್ರಿ ಕಡಿಯಿತು. ಎಳೆತನದಿಂದ ಇಕ್ಕಟ್ಟಿನಲ್ಲಿ ಬೆಳೆದ ಪ್ರಾಣಿಯಲ್ಲಿ ಈ ಗೀಳು ಮೈಗೂಡಿಹೋಗಿರುತ್ತದೆ. ಕಾರಣ ಹೋದರೂ ಅಭ್ಯಾಸ ಬೇಗ ಹೋಗುವುದಿಲ್ಲ. ಅದಕ್ಕಾಗಿ ಬೈಯುವುದೂ ಬಡಿಯುವುದೂ ಬೇಡ. ಹಾಸು ಇನ್ನಷ್ಟು ಎತ್ತರಿಸಿದೆವು. ಬರಬರುತ್ತ ಅದು ಕಡಿಮೆಯಾಗಿ, ಮಳೆ ಹಿಡಿಯುವ ಹೊತ್ತಿಗೆ ಅಪರೂಪವಾಯಿತು. ಮೂಗಿನ ಬೋಳು ಜಾಗದಲ್ಲಿ ಕೂದಲು ಬಂತು. ನೀವು ಎಲ್ಲ ಸರಿಮಾಡಿದ ಮೇಲೂ ಕಚ್ಚುವುದು ಹೆಚ್ಚುತ್ತಲೇ ಇದ್ದರೆ, ಜೊಲ್ಲು ಸುರಿಯುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಅದು ಹಲ್ಲಿನ ಅಥವಾ ಬೇರೆ ರೋಗದ ಲಕ್ಷಣ. ತಡಮಾಡದೆ ವೈದ್ಯರಿಗೆ ತೋರಿಸಿ. ಹಳ್ಳಿಯ ಪಶುವೈದ್ಯರ ಕೈಯಲ್ಲಿ ಹಗಲಿಡೀ ಇರುವುದು ದನಕರುಗಳು. ಇಂಥ ಪುಟ್ಟ ಪ್ರಾಣಿಯ ಹಲ್ಲು ನೋಡಬಲ್ಲವರು ಎಲ್ಲಿದ್ದಾರೆಂದು ಹ್ಯಾಮ್ಸ್ಟರ್ ತರುವ ಮೊದಲೇ ವಿಚಾರಿಸಿಕೊಳ್ಳಬೇಕು.

ಕರಾವಳಿಯ ಸೆಕೆಯನ್ನು ಮರೆಯುವಂತಿಲ್ಲ. ಒಣ ಪ್ರಸ್ಥಭೂಮಿಯ, ನೆಲದಡಿಯ ತಂಪಿನ ಜೀವಕ್ಕೆ 20ರಿಂದ 24 ಡಿಗ್ರಿ ಹಿತ. ಏಪ್ರಿಲ್ ಮೇ ತಿಂಗಳಲ್ಲಿ ಹೊನ್ನಾವರ, ಕುಮಟಾ, ಭಟ್ಕಳಗಳಲ್ಲಿ ಉಷ್ಣತೆ 33 ದಾಟುತ್ತದೆ, ಗಾಳಿಯಲ್ಲಿ ಕಡಲಿನ ತೇವ. ಹ್ಯಾಮ್ಸ್ಟರ್ ಬೆವರುವುದಿಲ್ಲ, ಆದ್ದರಿಂದ ಫ್ಯಾನ್ ಹಾಕಿದರೆ ನಮಗಾದಷ್ಟು ಸುಖ ಅದಕ್ಕಾಗದು. ತಂಪು ನೆಲದ ಕೋಣೆ, ಒಳಗೆ ಒಂದು ಮಣ್ಣಿನ ಕುಡಿಕೆ, ಮಧ್ಯಾಹ್ನ ಗೂಡಿಗೆ ತಾಗಿಸಿ ಬಟ್ಟೆ ಸುತ್ತಿದ ಹಿಮಗಟ್ಟಿದ ನೀರಿನ ಬಾಟಲಿ ಬೇಕಾಗುತ್ತದೆ. ಇನ್ನು ಕೇರೆಹಾವು. ತೋಟದ ನಡುವಿನ ಮನೆಯಲ್ಲಿ ಇಲಿಯ ವಾಸನೆ ಹಿಡಿದು ಅದು ಒಳಗೆ ಬಂದೇ ಬರುತ್ತದೆ. ಬೆರಳು ತೂರುವ ಕಂಬಿಸಂದಿಯಲ್ಲಿ ಮರಿ ಕೇರೆ ಸಲೀಸಾಗಿ ತೂರುತ್ತದೆ. ಸಣ್ಣ ಕಣ್ಣಿನ ಜಾಲರಿ ಹಾಕಿಸಿದ್ದು ಅದಕ್ಕಾಗಿಯೂ ಹೌದು.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮು, ಪ್ರಾಣಿ ತಕ್ಕಮಟ್ಟಿಗೆ ಓಡಾಡಲು ಎತ್ತರ, ಉದ್ದ, ಅಗಲ ಸಾಲದ ಗೂಡಿನಲ್ಲಿ ಅದನ್ನು ಕೂಡಿಹಾಕುವುದು ಅಪರಾಧವೆಂದು ಸ್ಪಷ್ಟವಾಗಿ ಹೇಳಿದೆ. ನೃತ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟುಹಿಡಿದದ್ದರ ಫಲ ಆ ಕಾಯ್ದೆ. ಆದರೆ ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಒಂದು ಹ್ಯಾಮ್ಸ್ಟರ್‌ನ ಬೆಲೆಗಿಂತ ಎಷ್ಟೋ ಕಡಿಮೆ. 2018ರ ನಿಯಮಗಳ ಪ್ರಕಾರ ಪೆಟ್ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲೇಬೇಕು. ಕೊಳ್ಳುವ ಮುನ್ನ ನೋಂದಣಿ ಪತ್ರ ತೋರಿಸಿ ಎಂದು ಕೇಳುವ ಹಕ್ಕು ನಮಗಿದೆ. ಕೇಳುವವರು ಹೆಚ್ಚಿದಷ್ಟೂ ಒಳ್ಳೆಯದು. “ಒಂದೇ ಆದರೆ ಬೇಜಾರಾಗ್ತದೆ, ಜೋಡಿ ತಗೊಳ್ಳಿ” ಎನ್ನುವ ಅಂಗಡಿಯಿಂದ ಎದ್ದು ಬನ್ನಿ. ಸಿರಿಯನ್ ಹ್ಯಾಮ್ಸ್ಟರ್‌ಗಳು ಬೆಳೆದ ಮೇಲೆ ಒಂದನ್ನೊಂದು ಕೊಲ್ಲುತ್ತವೆ. ಕೊಲ್ಲದಿದ್ದರೆ 16 ದಿನಗಳ ಬಸಿರಿನಲ್ಲಿ ಮರಿ ಹಾಕುತ್ತವೆ. ಆಮೇಲೆ ಆ ಮರಿಗಳನ್ನು ಏನು ಮಾಡುತ್ತೀರಿ?

ಈ ಪುಟ್ಟ ಜೀವಕ್ಕೆ ನಮ್ಮ ಋಣ ದೊಡ್ಡದಿದೆ ಎಂಬುದನ್ನೂ ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಿ. ಶೇಷಗಿರಿಯವರ ಪ್ರಯೋಗಾಲಯ, ಭ್ರೂಣವೊಂದು ತನ್ನ ಹೊರಕವಚ ಬಿಟ್ಟು ಹೊರಬರುವ ಬಗೆಯನ್ನು ಅರಿತದ್ದು ಹ್ಯಾಮ್ಸ್ಟರ್ ಭ್ರೂಣಗಳಿಂದ. ಕೋವಿಡ್ ಕಾಲದಲ್ಲಿ ಕೋವ್ಯಾಕ್ಸಿನ್ ಲಸಿಕೆ ಮನುಷ್ಯರಿಗೆ ಬರುವ ಮೊದಲು ಪರೀಕ್ಷೆಗೊಳಗಾದ ಪ್ರಾಣಿಗಳಲ್ಲಿ ಸಿರಿಯನ್ ಹ್ಯಾಮ್ಸ್ಟರ್‌ಗಳೂ ಇದ್ದವು. ಅತ್ತ ಅಲೆಪ್ಪೊ ಸುತ್ತಲಿನ ಹೊಲಗಳಲ್ಲಿ ರೈತರು ಬೆಳೆಗೇಡಿಯೆಂದು ಕೊಲ್ಲುತ್ತ, ಊರು ಬೆಳೆಯುತ್ತ, ಕಾಡಿನ ಹ್ಯಾಮ್ಸ್ಟರ್ ಕಡಿಮೆಯಾಗುತ್ತಿದೆ. ಲೋಕದ ತುಂಬ ಗೂಡುಗಳಲ್ಲಿ ಲೆಕ್ಕವಿಲ್ಲದಷ್ಟು. ತನ್ನ ನೆಲದಲ್ಲಿ ಉಳಿವಿಗೇ ಕುತ್ತು.

ಮಕ್ಕಳು ಹ್ಯಾಮ್ಸ್ಟರ್ ಬೇಕೆಂದು ಹಟ ಹಿಡಿದರೆ ಮೊದಲು ಮನೆಯಲ್ಲಿ ಮೂರೂಕಾಲು ಅಡಿ ಉದ್ದದ, ಬಿಸಿಲು ಬೀಳದ, ತಂಪಾದ ಜಾಗ ಇದೆಯೇ ನೋಡಿ. ರಾತ್ರಿ ಎಚ್ಚರಿದ್ದು ಹಗಲು ಮಲಗುವ, ಎತ್ತಿ ಮುದ್ದಾಡುವುದಕ್ಕಿಂತ ದೂರದಿಂದ ನೋಡುವುದಕ್ಕೇ ಹೆಚ್ಚು ಒಗ್ಗುವ, ಎರಡು ಮೂರು ವರ್ಷವಷ್ಟೇ ಬದುಕುವ ಪ್ರಾಣಿ ಅದು ಎಂದು ಮಕ್ಕಳಿಗೆ ತಿಳಿಸಿ. ಜಾಗ ಇಲ್ಲದಿದ್ದರೆ ತರಬೇಡಿ. ಈಗಾಗಲೇ ತಂದಿದ್ದರೆ, ಸಾಕಾಗಿ ಹೋಗಿ ತೋಟಕ್ಕೋ ಗುಡ್ಡಕ್ಕೋ ಬಿಡಬೇಡಿ, ಒಂದು ರಾತ್ರಿಯೂ ಉಳಿಯಲಿಕ್ಕಿಲ್ಲ. ಕಂಬಿಗೆ ಏನು ಹಚ್ಚಲಿ ಎಂದು ಯಾರನ್ನೂ ಕೇಳಬೇಡಿ. ಅಟ್ಟದ ಮೇಲೆ ಹಳೆಯ ಕಪಾಟೋ ಪೆಟ್ಟಿಗೆಯೋ ಇದ್ದೀತು, ಇಳಿಸಿ. ಒಂದು ಹೊರೆ ಒಣಹುಲ್ಲು ತನ್ನಿ.